ಇಬ್ಬರಿಗೊಂದು ಸೈಕಲ್

ಅವರ ಕುತ್ತಿಗೆಯ ಸುತ್ತ ತೆಳ್ಳನೆಯ ಒಂದು ಗೆರೆ ಇತ್ತು. ಮೂವತ್ತು ವರ್ಷ ಮೈದಾನದ ಬಿಸಿಲಲ್ಲಿ ನಿಂತು ಮೈಯೆಲ್ಲ ಕಪ್ಪಾಗಿದ್ದರೂ ಸೀಟಿಯ ದಾರ ಕೂರುತ್ತಿದ್ದ ಆ ಗೆರೆ ಮಾತ್ರ ಹುಟ್ಟಿದ ಬಣ್ಣದಲ್ಲೇ ಉಳಿದಿತ್ತು. ಆದಿತ್ಯವಾರ ಚರ್ಚಿಗೆ ಹೋಗುವಾಗ ಸೀಟಿ ತೆಗೆದಿಟ್ಟು ಸಣ್ಣ ಶಿಲುಬೆಯ ಸರ ಹಾಕಿಕೊಳ್ಳುತ್ತಿದ್ದರು. ಸರ ಆ ಗೆರೆಯ ಮೇಲೆ ಸರಿಯಾಗಿ ಕೂರದೆ ಸ್ವಲ್ಪ ಕೆಳಗೆ ಜಾರಿಕೊಂಡಿರುತ್ತಿತ್ತು.

ಅವರು ನಮ್ಮ ಪಿ.ಟಿ. ಟೀಚರ್. ಹೆಸರು ಹಿಡಿದು ನಾನು ಎಂದೂ ಕರೆದವಳಲ್ಲ. ಇಲ್ಲಿಯೂ ಟೀಚರ್ ಎಂದೇ ಬರೆಯುತ್ತೇನೆ. ಭಾಲ್ಕಿ ತಾಲೂಕಿನ ಸಾಯಗಾಂವದ ಹೈಸ್ಕೂಲಿನಲ್ಲಿ ನನಗೆ ಮೂರು ವರ್ಷ ಆಟ ಕಲಿಸಿದರು. ಪುಡಿ ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದು ಅದರಲ್ಲಿ ಸುಣ್ಣ ತುಂಬಿ ಓಟದ ಗೆರೆಗಳನ್ನು ತಾವೇ ಹಾಕುತ್ತಿದ್ದರು. ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಗಂಡಸರ ಕ್ಯಾನ್ವಾಸ್ ಬೂಟು ಹಾಕಿ, ಗೆರೆಯ ಹೊರಗಿನಿಂದ ನಮ್ಮ ಜೊತೆ ಓಡುತ್ತಿದ್ದರು. ಜೋರಾಗಿ ಓಡಿ ಎಂದು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. "ಉಸಿರ್ ಬಿಡ್ರಿ, ಕಾಲು ತಾವೇ ಬರ್ತಾವ" ಎನ್ನುತ್ತಿದ್ದರು. ತಡವಾಗಿ ಬಂದವರಿಗೆ ಬೈಗುಳವಿಲ್ಲ. "ಬರ್ರಿ ರಾಣಿಸಾಹೇಬ್, ಮೇಣೆ ಎಲ್ಲಿ ಬಿಟ್ ಬಂದಿರಿ?" ಎಂದರೆ ಸಾಕು, ಇಡೀ ಸಾಲು ನಗುತ್ತಿತ್ತು. ಮರುದಿನ ನಾವೇ ಮೊದಲು ಬಂದಿರುತ್ತಿದ್ದೆವು.

ಅವರ ತಂದೆ ಮಿಷನ್ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದವರು, ಹಳ್ಳಿಹಳ್ಳಿಗೆ ಸೈಕಲ್ ಮೇಲೆ ಔಷಧಿ ಒಯ್ಯುತ್ತಿದ್ದರಂತೆ. ಆ ಸೈಕಲ್ಲಿಗೆ ಬ್ರೇಕೇ ಇರಲಿಲ್ಲ. ಹನ್ನೆರಡು ವರ್ಷದ ಟೀಚರ್ ಅದನ್ನು ಕದ್ದು ಓಡಿಸುತ್ತ, ಇಳಿಜಾರು ಬಂದಾಗ ಮುಂದಿನ ಟಯರಿಗೆ ಚಪ್ಪಲಿ ಒತ್ತಿ ನಿಲ್ಲಿಸುವುದನ್ನು ಕಲಿತಿದ್ದರು. "ಚಪ್ಪಲ್ ಸವೀತಿತ್ತು, ಅಪ್ಪ ಕೇಳಿದ್ರ ನೆಲಾ ಚೂಪದ ಅಂತಿದ್ದೆ" ಎಂದು ನಗುತ್ತ ಹೇಳುತ್ತಿದ್ದರು.

ಆಮೇಲೆ ಅವರಿಗೆ ಔರಾದ ತಾಲೂಕಿನ ಒಂದು ಹಳ್ಳಿಗೆ ವರ್ಗವಾಯಿತು. ನಾನು ಎಂ.ಎಸ್ಸಿ. ಮುಗಿಸಿ ಭಾಲ್ಕಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ, ಅವ್ವನ ಜೊತೆ ಬೀದರಿನಲ್ಲಿ ಮನೆ ಮಾಡಿದೆ. ವರ್ಷಕ್ಕೊಮ್ಮೆ ಎಲ್ಲೋ ಭೇಟಿ. ಮೂರು ವರ್ಷದ ಹಿಂದೆ, ದಸರೆಗೆ ಇನ್ನೊಂದು ತಿಂಗಳಿರುವಾಗ, ಬೀದರಿನ ಬಸ್ ನಿಲ್ದಾಣದಲ್ಲಿ ಸಿಕ್ಕವರು ಕುಶಲ ಕೇಳುವ ಮೊದಲೇ ಕೇಳಿದರು:

"ಲೆಕ್ಚರರ್ ಬಾಯಿ, ಇನ್ನೂ ಓಡ್ತಿಯೋ, ಬರೀ ಬೋರ್ಡ್ ಮ್ಯಾಲೆ ಬರೀತಿಯೋ?"

ಊರಿನ ಕೆಲವು ಡಾಕ್ಟರರೂ ವ್ಯಾಪಾರಿಗಳೂ ಸೇರಿ ಒಂದು ಪಂದ್ಯ ಇಟ್ಟಿದ್ದರು. ಇಬ್ಬರ ಜೋಡಿ, ಇಬ್ಬರಿಗೂ ಸೇರಿ ಒಂದೇ ಸೈಕಲ್. ಒಬ್ಬರು ಸೈಕಲ್ ಮೇಲೆ ಮುಂದೆ ಹೋಗಬೇಕು, ಇನ್ನೊಬ್ಬರು ಹಿಂದಿನಿಂದ ಓಡಬೇಕು. ಕೆಂಪು ಬಾವುಟ ಬಂದಲ್ಲಿ ಮುಂದಿನವರು ಸೈಕಲ್ ನಿಲ್ಲಿಸಿಟ್ಟು ಓಡುತ್ತ ಸಾಗಬೇಕು. ಹಿಂದಿನಿಂದ ಓಡಿ ಬಂದವರು ಸೈಕಲ್ ಹತ್ತಿ ಅವರನ್ನು ದಾಟಿ ಮುಂದಿನ ಬಾವುಟಕ್ಕೆ ಹೋಗಬೇಕು. ಬೀದರಿನ ಕೋಟೆಯ ಬಳಿ ಆರಂಭ, ಔರಾದ ರಸ್ತೆಯ ಇಳುಕಲು ಇಳಿದು ಮಾಂಜ್ರಾ ನದಿಯ ಕಡೆಗಿನ ಒಂದು ಶಾಲೆಯ ಮೈದಾನದಲ್ಲಿ ಮುಕ್ತಾಯ. ಕೊನೆಯ ಗೆರೆಯನ್ನು ಇಬ್ಬರೂ, ಸೈಕಲ್ಲೂ, ಒಂಬತ್ತು ಗಂಟೆಯೊಳಗೆ ಒಟ್ಟಿಗೆ ದಾಟಬೇಕು.

ಟೀಚರಿಗೆ ಆಗ ಐವತ್ತೊಂಬತ್ತು. ನಿವೃತ್ತಿಗೆ ಎಂಟು ತಿಂಗಳು. ಅವರಿಗೆ ಬೇಕಾಗಿದ್ದದ್ದು ಬಹುಮಾನವಲ್ಲ. ಅವರ ಶಾಲೆಯಲ್ಲಿ ಐದು ಹುಡುಗಿಯರು ಚೆನ್ನಾಗಿ ಸೈಕಲ್ ಹೊಡೆಯುತ್ತಿದ್ದರು. ಜಿಲ್ಲಾ ತಂಡದ ಆಯ್ಕೆ ಹತ್ತಿರ ಬಂದಿತ್ತು. ಅಭ್ಯಾಸಕ್ಕೆ ಡಾಂಬರು ರಸ್ತೆಗೆ ಇಳಿಯಲೇಬೇಕು, ಮನೆಯವರು ಬಿಡುತ್ತಿರಲಿಲ್ಲ. ಒಬ್ಬ ಹುಡುಗಿಯ ತಂದೆ ಕಟ್ಟೆಯ ಮೇಲೆ ಎಲ್ಲರೆದುರು ಅಂದಿದ್ದನಂತೆ: "ಟೀಚರ್, ನಿಮ್ಮ ಮಾತು ಖರೆ ಅದ. ಆದ್ರ ರಸ್ತಿ ನಿಮ್ಮ ಮಾತು ಕೇಳಂಗಿಲ್ಲಲ್ರಿ."

"ಅದೇ ರಸ್ತಿ ಮ್ಯಾಲೆ ನಾ ಬಂದ್ ತೋರಿಸ್ಲೇನು? ಮುದುಕಿ ಬಂದ್ರ ನಿಮ್ಮ ಹುಡುಗ್ಯಾರು ಬರಂಗಿಲ್ಲೇನು?"

"ನೆಟ್ಟಗ ಬರ್ರಿ, ನೋಡೋಣು."

ಅವರು ನನ್ನನ್ನು ಜೋಡಿ ಮಾಡಿಕೊಂಡು ಪಂದ್ಯಕ್ಕೆ ಹೆಸರು ಕೊಟ್ಟದ್ದು ಅದಕ್ಕೆ. "ನೆಟ್ಟಗ" ಎಂದರೆ ಮೈಗೆ ಏನೂ ಆಗದೆ. ಆ ಮಾತನ್ನು ಬಸ್ ನಿಲ್ದಾಣದಲ್ಲಿ ನನಗೆ ಎರಡು ಸಲ ಹೇಳಿದರು. ಇಡೀ ತಿಂಗಳು ಆದಿತ್ಯವಾರ ಬಿಟ್ಟು ಶನಿವಾರಗಳಂದು ಬೀದರಿಗೆ ಬಂದು ನನ್ನ ಜೊತೆ ಓಡಿದರು. ಪಂದ್ಯ ಆದಿತ್ಯವಾರವೇ ಬಿದ್ದಿದ್ದರಿಂದ ಪಾಸ್ಟರರ ಅನುಮತಿ ಕೇಳಿದರು. ಪಾಸ್ಟರರು, "ಓಡೋದೂ ಪ್ರಾರ್ಥನಾನೇ ಅಂತ ನನ್ನ ಬಾಯಿಲೆ ಹೇಳಿಸಬ್ಯಾಡ್ರಿ. ಸಂಜಿ ಆರಾಧನಿಗಿ ಬರ್ರಿ" ಎಂದರಂತೆ.

ಪಂದ್ಯದ ಹಿಂದಿನ ದಿನ ದಸರೆ, ಅದರ ಹಿಂದಿನ ದಿನ ಖಂಡೆ ನವಮಿ. ನಮ್ಮ ಸಾಯಗಾಂವದ ಮನೆಯಲ್ಲಿ ಖಂಡೆ ನವಮಿಗೆ ಕಬ್ಬಿಣವೆಂದು ಇರುವುದನ್ನೆಲ್ಲ ತೊಳೆದು, ಅರಿವೆಯನ್ನು ಕುಸುಬಿ ಎಣ್ಣೆಯಲ್ಲಿ ಅದ್ದಿ ಮಿರಿಮಿರಿ ಮಿಂಚುವ ಹಾಗೆ ಉಜ್ಜುವ ಪದ್ಧತಿ. ಕುಡಗೋಲು, ಕುಂಟೆ, ಕೊಡಲಿ, ಅವ್ವನ ಹೊಲಿಗೆ ಯಂತ್ರ. ಬೀದರಿಗೆ ಬಂದ ಮೇಲೂ ಬಿಟ್ಟಿರಲಿಲ್ಲ. ಆ ವರ್ಷ ಪಂದ್ಯಕ್ಕೆ ಒಯ್ಯಬೇಕಿದ್ದ ನನ್ನ ಸೈಕಲ್ಲನ್ನು ನಾನೇ ಉಜ್ಜಿದೆ. ಚೌಕಟ್ಟು, ಹ್ಯಾಂಡಲ್, ಕಡ್ಡಿಗಳು, ಗಾಲಿಯ ಎರಡೂ ರಿಮ್ಮುಗಳು. ಬ್ರೇಕು ಕಚ್ಚಿ ಹಿಡಿಯುವುದು ಆ ರಿಮ್ಮನ್ನೇ. ತರಗತಿಯಲ್ಲಿ ಘರ್ಷಣೆಯ ಪಾಠ ಮಾಡುವ ನನಗೆ ಅದು ಹೊಳೆಯಲಿಲ್ಲ. ಹೊಳೆಯುತ್ತಿದ್ದದ್ದು ರಿಮ್ಮು, ಅದನ್ನು ನೋಡಿ ಖುಷಿಪಟ್ಟೆ. ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದೆವು.

ದಸರೆಯ ಸಂಜೆ ಟೀಚರ್ ಔರಾದ ಬಸ್ಸಿಗೆ ಬಂದಿಳಿದರು. ಅವ್ವ ಬನ್ನಿ ಎಲೆ ಕೊಟ್ಟಳು. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ತಮ್ಮ ಪುಟ್ಟ ಬೈಬಲ್ಲಿನ ನಡುವೆ ಇಟ್ಟರು. ಪಂದ್ಯದ ಮುನ್ನಾದಿನ ಸೈಕಲ್ಲನ್ನು ತಾವು ಒಂದು ಸುತ್ತು ಹೊಡೆಯದೆ ಯಾರಿಗೂ ಕೊಡುವವರಲ್ಲ, ಅದು ಅವರ ಕಟ್ಟುನಿಟ್ಟು. ಅಂಗಳಕ್ಕೆ ಹೋಗಿ ಟಯರು ಒತ್ತಿ ನೋಡಿ, ಹ್ಯಾಂಡಲ್ ಹಿಡಿದರು. ಅವ್ವ ಒಳಗಿನಿಂದ ಕೂಗಿದಳು:

"ಪೂಜಿ ಮಾಡಿದ ಗಾಡಿ ಅದ ಟೀಚರ್, ದಸರಿ ದಿನ ಅಲ್ಲಾಡಿಸಬಾರದ್ರಿ. ಮುಂಜಾನಿ ಹೂ ತೆಗದ್ ಕೊಡ್ತೇನಿ."

ನಾನು, "ಅವ್ವಾ, ಜರಾ ಒಂದ್ ಸುತ್ತು ಹೋಗಿ ಬರ್ತಾರ" ಎಂದೆ.

ಟೀಚರ್ ಕೈ ತೆಗೆದುಬಿಟ್ಟರು. "ಬ್ಯಾಡ. ಮನಿಯವರ ಪೂಜಿ ಅದು. ಮುಂಜಾನಿ ನೋಡಿದ್ರಾತು." ಆಮೇಲೆ ಅಡುಗೆ ಮನೆಗೆ ಹೋಗಿ ಅವ್ವನ ಜೊತೆ ಹೂರಣ ರುಬ್ಬಲು ಕೂತರು.

ಮುಂಜಾನೆ ನೋಡಲಿಲ್ಲ. ಎದ್ದದ್ದು ತಡವಾಗಿತ್ತು, ಹೂ ತೆಗೆದದ್ದೂ ತಡವಾಯಿತು, ಕೋಟೆಯ ಬಳಿ ಹೆಸರು ಕೂಗುವಾಗ ನಾವು ಇನ್ನೂ ಓಡೋಡಿ ಬರುತ್ತಿದ್ದೆವು.

ಮೊದಲು ಸೈಕಲ್ ಹತ್ತಿದವಳು ನಾನು. ಊರ ತಿರುವಿನಲ್ಲಿ ಬ್ರೇಕು ಹಿಡಿದಾಗ ಮೆತ್ತಗೆ ಜಾರಿದಂತಾಯಿತು. ಮಂಜಿಗೆ ಒದ್ದೆಯಾಗಿರಬೇಕು ಎಂದುಕೊಂಡೆ. ಅಲ್ಲೆಲ್ಲ ಸಮನೆಲ, ನಿಲ್ಲುವ ಕಷ್ಟ ಬರಲಿಲ್ಲ. ಮೊದಲ ಬಾವುಟದಲ್ಲಿ ಸೈಕಲ್ ಇಟ್ಟು ಓಡಿದೆ. ಬ್ರೇಕಿನ ವಿಷಯ ಹೇಳಲು ಟೀಚರಿಗೆ ಕಾಯಬಹುದಿತ್ತು. ಕಾಯಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ಸೈಕಲ್ ಮೇಲೆ ನನ್ನನ್ನು ದಾಟಿದರು. ಸಲ್ವಾರ್ ಪಾದದ ಬಳಿ ರಬ್ಬರು ಹಾಕಿ ಬಿಗಿದಿದ್ದರು. "ಉಸಿರ್ ಬಿಡು, ಹುಡುಗಿ" ಎಂದು ಹೇಳಿ ಹೋದರು.

ಎರಡನೆಯ ಬಾವುಟ ಇಳುಕಲಿನ ನೆತ್ತಿಯಲ್ಲಿತ್ತು. ಅಲ್ಲಿ ಅವರು ಸೈಕಲ್ ಇಟ್ಟು ಓಡಬೇಕು, ಇಳುಕಲನ್ನು ನಾನು ಸೈಕಲ್ ಮೇಲೆ ಇಳಿಯಬೇಕು. ಹಾಗೆಂದೇ ಮಾತಾಗಿತ್ತು. ನಾನು ಇನ್ನೂ ಇನ್ನೂರು ಮೀಟರ್ ಹಿಂದಿದ್ದೆ. ಅವರು ಬೂಟನ್ನು ನೆಲಕ್ಕೆ ಎಳೆಯುತ್ತ ಬಾವುಟದ ಬಳಿ ನಿಂತದ್ದು ಕಂಡಿತು. ಇಳಿದರು. ಗಾಲಿಯ ಕಡೆ ಬಗ್ಗಿ ಬೆರಳಾಡಿಸಿದರು. ಬೆರಳನ್ನು ಮೂಗಿಗೆ ಹಿಡಿದರು. ಹಿಂತಿರುಗಿ ನನ್ನನ್ನು ನೋಡಿ, ಕೈಗಡಿಯಾರ ನೋಡಿಕೊಂಡರು. ಮತ್ತೆ ಸೈಕಲ್ ಹತ್ತಿ ಇಳುಕಲಿಗೆ ಇಳಿದೇಬಿಟ್ಟರು.

ನನಗೆ ಸಿಟ್ಟು ಬಂತು. ಅದನ್ನು ಮುಚ್ಚಿಡುವುದಿಲ್ಲ. ನನ್ನ ಪಾಳಿಯನ್ನು ಕಸಿದುಕೊಂಡರು ಎಂದುಕೊಂಡು, "ಟೀಚರ್, ನಂದದ, ನಂದದ" ಎಂದು ಕೂಗುತ್ತ ಓಡಿದೆ.

ನಾನು ಬಾವುಟ ಮುಟ್ಟುವಷ್ಟರಲ್ಲಿ ಅವರು ಅರ್ಧ ಇಳುಕಲಿನಲ್ಲಿದ್ದರು. ಎಡಗಾಲನ್ನು ಮುಂದಿನ ಟಯರಿಗೆ ಒತ್ತಿದ್ದರು. ಮೇಲಿನಿಂದ ಅವರ ಮೊಣಕಾಲು ಎತ್ತರದಲ್ಲಿ ನಡುಗುತ್ತಿದ್ದದ್ದು ಕಾಣುತ್ತಿತ್ತು. ವೇಗ ಸ್ವಲ್ಪ ತಗ್ಗುತ್ತಿತ್ತು, ಮತ್ತೆ ಏರುತ್ತಿತ್ತು. ಇಳುಕಲಿನ ತಳದಲ್ಲಿ ಯಾರೋ ರೈತರು ಅರ್ಧ ರಸ್ತೆಗೆ ಸೋಯಾಬೀನ್ ಹರವಿದ್ದರು. ಸುಗ್ಗಿಯಲ್ಲಿ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಹರವಿದ ಕಾಳಿನ ನಡುವೆ ಒಬ್ಬ ಹೆಂಗಸು ಬೆನ್ನು ಮಾಡಿ ಕಸಬರಿಗೆಯಲ್ಲಿ ಕಾಳು ಎಳೆಯುತ್ತಿದ್ದಳು. ಉಳಿದರ್ಧ ರಸ್ತೆಯಲ್ಲಿ ಎದುರಿನಿಂದ ಒಂದು ಲಾರಿ ಏರುತ್ತಿತ್ತು.

ಟೀಚರ್ "ಬಾಜೂ, ಬಾಜೂ" ಎಂದು ಕೂಗಿದ್ದು ನನಗೂ ಕೇಳಿಸಿತು. ಹೆಂಗಸು ತಿರುಗಿ ನೋಡಿದಳು, ಸರಿಯಲಿಲ್ಲ, ಕಸಬರಿಗೆ ಹಿಡಿದು ಅಲ್ಲೇ ನಿಂತಳು. ಅಷ್ಟರಲ್ಲಿ ಲಾರಿ ಅಡ್ಡ ಬಂತು. ನನಗೆ ಏನೂ ಕಾಣಲಿಲ್ಲ. ಹಾರ್ನ್ ಮಾತ್ರ. ಮೂರು ಸೆಕೆಂಡ್ ಇರಬಹುದು, ನಾಲ್ಕಿರಬಹುದು. ಲಾರಿಗೆ ಹೊದಿಸಿದ ಹಳದಿ ತಾಡಪತ್ರಿ, ಅದರ ಹಗ್ಗ, ಹಗ್ಗದ ಗಂಟು ಎಲ್ಲ ಸ್ಪಷ್ಟವಾಗಿ ನೋಡಿದ್ದೇನೆ. ಈಗಲೂ ನೋಡುತ್ತೇನೆ. ಕನಸಿನಲ್ಲಲ್ಲ, ಹಾಡುಹಗಲಲ್ಲಿ, ಬೋರ್ಡಿನ ಮೇಲೆ ಇಳಿಜಾರಿನ ಒಂದು ಲೆಕ್ಕಕ್ಕೆ ಚಿತ್ರ ಬರೆಯುವಾಗ. ಬಲಗೈಯ ಬೆರಳುಗಳು ತಾವಾಗಿಯೇ ಮಡಚಿ ಬ್ರೇಕು ಹಿಡಿಯುತ್ತವೆ, ಸೀಮೆಸುಣ್ಣದ ಕಡ್ಡಿ ಮುರಿಯುತ್ತದೆ. ಲಾರಿ ದಾಟಿದ ಮೇಲೆ ಏನು ಕಾಣುತ್ತದೆಂದು ಗೊತ್ತಿದ್ದರೂ ಪ್ರತಿ ಸಲವೂ ಗೊತ್ತಿಲ್ಲದವಳ ಹಾಗೆ ನಿಂತಿರುತ್ತೇನೆ.

ಲಾರಿ ದಾಟಿತು. ಹೆಂಗಸು ನಿಂತಲ್ಲೇ ನಿಂತಿದ್ದಳು. ರಸ್ತೆಯ ಅಂಚಿನ ಸೋಯಾ ಹೊಟ್ಟಿನ ರಾಶಿಯಿಂದ ಸೈಕಲ್ಲಿನ ಹಿಂದಿನ ಗಾಲಿ ಹೊರಗೆ ಚಾಚಿ ತಿರುಗುತ್ತಿತ್ತು. ಲಾರಿಗೂ ಹೆಂಗಸಿಗೂ ತಾಗದಂತೆ ಟೀಚರ್ ಬೇಕೆಂದೇ ರಾಶಿಗೆ ನುಗ್ಗಿಸಿದ್ದರು. ರಾಶಿಯ ಹಿಂದೆ ಕಿಲೋಮೀಟರ್ ಕಲ್ಲು ಇರುವುದು ಅವರಿಗೆ ಗೊತ್ತಿರಲಿಲ್ಲ.

ನಾನು ಹೋದಾಗ ಹೊಟ್ಟಿನಲ್ಲಿ ಎದ್ದು ಕೂತಿದ್ದರು. ಎಡ ತೋಳು ತಪ್ಪು ದಿಕ್ಕಿಗೆ ತಿರುಗಿತ್ತು. ಹೆಂಗಸು ಅವರ ಮುಖದ ಮೇಲಿನ ಹೊಟ್ಟು ಒರೆಸುತ್ತ ಬೈಯುತ್ತಿದ್ದಳು: "ಈ ವಯಸ್ಸಿನ್ಯಾಗ ನಿಮಗ ಇದೆಲ್ಲ ಯಾಕ ಬೇಕಿತ್ರಿ? ಮನ್ಯಾಗ ಹೇಳವ್ರು ಕೇಳವ್ರು ಇಲ್ಲೇನು?"

"ಇದ್ದಾರ. ಅವರಿಗಿ ತೋರಿಸ್ಲಾಕೇ ಹೊಂಟೀನಿ" ಎಂದರು ಟೀಚರ್. ನನ್ನ ಕಡೆ ತಿರುಗಿ, "ಟೈಮ್ ಎಷ್ಟಾತು?" ಎಂದರು.

ಎಂಟೂ ಹತ್ತು. ಮೈದಾನಕ್ಕೆ ಇನ್ನೂ ಮೂರು ಕಿಲೋಮೀಟರ್. ಆಂಬುಲೆನ್ಸ್ ಕರೆಯುತ್ತೇನೆ ಎಂದೆ. ನನ್ನ ಫೋನನ್ನು ಬಲಗೈಯಿಂದ ಕಿತ್ತುಕೊಂಡರು. "ಅದ್ರಾಗ ಹೋದ್ರ ಐದು ಹುಡುಗ್ಯಾರು ಮುಗದ್ರು. ನಡಕೋತ ಹೋದ್ರ ಒಬ್ಬಾಕಿ ಆದ್ರೂ ಉಳೀತಾಳ. ಓಢಣಿ ಕೊಡು."

ನನ್ನ ಓಢಣಿಯಲ್ಲಿ ತೋಳು ಕಟ್ಟಿದೆ. ಮುಂದಿನ ಗಾಲಿ ಸೊಟ್ಟಾಗಿತ್ತು. ಅದನ್ನು ಎತ್ತಿ ಹಿಡಿದು ಹಿಂದಿನ ಗಾಲಿಯ ಮೇಲೆ ಸೈಕಲ್ ಉರುಳಿಸಿಕೊಂಡು ನಾನು ನಡೆದೆ. ಹಿಂದಿನ ಜೋಡಿಗಳೆಲ್ಲ ನಮ್ಮನ್ನು ದಾಟಿದವು. ಪಂದ್ಯದ ಸ್ವಯಂಸೇವಕರೊಬ್ಬರು ಬೈಕ್ ತಂದು ನಿಲ್ಲಿಸಿ ಬೇಡಿಕೊಂಡರು, ಇವರು ಹತ್ತಲಿಲ್ಲ. ನಾನು ಅಳುತ್ತಿದ್ದೆ. ಅವರು ದಾರಿಯುದ್ದಕ್ಕೂ ನೂರರಿಂದ ಹಿಂದಕ್ಕೆ ಎಣಿಸುತ್ತ, ಒಂದಕ್ಕೆ ಬಂದ ಕೂಡಲೇ ಮತ್ತೆ ನೂರಕ್ಕೆ ಹೋಗುತ್ತಿದ್ದರು.

ಒಂಬತ್ತಕ್ಕೆ ಎರಡು ನಿಮಿಷವಿರುವಾಗ ಮೈದಾನ ಮುಟ್ಟಿದೆವು. ಗೆರೆಯ ಸುಣ್ಣ ಜನರ ಕಾಲಿಗೆ ಸಿಕ್ಕಿ ಅಳಿಸಿಹೋಗಿತ್ತು. "ಗೆರಿ ಎಲ್ಲದ್ರಿ?" ಎಂದು ಟೀಚರ್ ಕೇಳಿದರು. ಯಾರೋ ತೋರಿಸಿದರು. ಅವರು ಒಂದು ಕಾಲು ಎತ್ತಿ ಆಚೆ ಇಟ್ಟರು, ಇನ್ನೊಂದು ಕಾಲನ್ನೂ ಇಟ್ಟರು. ನಾನೂ ಸೈಕಲ್ಲೂ ಪಕ್ಕದಲ್ಲಿದ್ದೆವು. ಜನ ಚಪ್ಪಾಳೆ ತಟ್ಟಿದರು.

ಹಳ್ಳಿಯಿಂದ ಒಂದು ಟೆಂಪೋದಲ್ಲಿ ಐದೂ ಹುಡುಗಿಯರು, ಮೂವರು ತಂದೆಯರು ಬಂದು ನಿಂತಿದ್ದರು. ಹುಡುಗಿಯರು ಓಡಿ ಬಂದರು. ಕಟ್ಟೆಯ ಮೇಲೆ ಮಾತಾಡಿದ್ದ ಆ ತಂದೆ ಟೀಚರ ತೋಳು ನೋಡಿದ, ಸೈಕಲ್ಲಿನ ಗಾಲಿ ನೋಡಿದ. ಅವನು ಕೆಟ್ಟವನಲ್ಲ, ತನ್ನ ಕರವಸ್ತ್ರ ಒದ್ದೆ ಮಾಡಿ ತಂದು ಅವರ ಹಣೆಯ ರಕ್ತ ಒರೆಸಿದ. ಆಮೇಲೆ ಮೆತ್ತಗೆ ಹೇಳಿದ: "ಇದಕ್ಕೇ ರೀ ಟೀಚರ್ ನಾವು ಬ್ಯಾಡಂದಿದ್ದು."

ಅಷ್ಟು ದೂರ ನಡೆದು ಬಂದ ಟೀಚರ್ ಆಗ ಮಾತ್ರ ಕುಸಿದು ಕೂತರು.

ಬೀದರಿನ ಆಸ್ಪತ್ರೆಯಲ್ಲಿ ಭುಜಕ್ಕೆ ಪ್ಲೇಟು ಹಾಕಿದರು. ನೋಡಲು ಬಂದವರಿಗೆಲ್ಲ ಅವರದು ಒಂದೇ ಮಾತು: "ನಾನೇ ಜೋರ್ ಬಿಟ್ಟೆ, ನಂದೇ ತಪ್ಪು." ಅವ್ವ ಗಂಜಿ ತಂದಾಗಲೂ ಅದನ್ನೇ ಹೇಳಿದರು. ಮುರಿದ ಸೈಕಲ್ಲನ್ನು ನಾನು ಓಣಿಯ ಮಿಸ್ತ್ರಿಯ ಬಳಿ ಒಯ್ದೆ. ಆತ ರಿಮ್ಮಿಗೆ ಬೆರಳು ತಿಕ್ಕಿ ಹೆಬ್ಬೆರಳಿಗೆ ಉಜ್ಜಿಕೊಂಡು ಕೇಳಿದ:

"ಇದಕ ತೇಲ್ ಯಾರ್ ಹಚ್ಯಾರ್ರಿ?"

"ಖಂಡೆ ನವಮಿ ಪೂಜಿಗಿ..."

"ಪೂಜಿ ಮಾಡ್ರಿ ಬೆಹೆನ್‌ಜಿ, ಯಾರ್ ಬ್ಯಾಡಂತಾರ. ನಮ್ಮ ದುಕಾನಿನ ಪಾನಾ ಸುತ್ತಿಗಿಗೋಳಿಗೂ ಅವತ್ತು ಹೂ ಇಡ್ತೇವಿ. ರಿಮ್ ಬಿಟ್ಟು ಮಾಡ್ರಿ." ಆತ ಅದನ್ನು ತಮಾಷೆಯಾಗಿ ಹೇಳಿದ. ನಾನು ಅಲ್ಲೇ ಟಯರಿನ ರಾಶಿಯ ಮೇಲೆ ಕೂತೆ.

ಆಸ್ಪತ್ರೆಗೆ ಹೋಗಿ ಟೀಚರಿಗೆ ಹೇಳಿದೆ. ಅವರು ಗೋಡೆಯ ಕಡೆ ನೋಡುತ್ತ, "ಗೊತ್ತದ. ವಾಸನಿ ಬಂತು" ಎಂದರು.

"ಮತ್ತ ನನಗ್ಯಾಕ ಸೈಕಲ್ ಕೊಡಲಿಲ್ರಿ?"

"ನಿನಗ ಕಾಲಿಲೆ ಬ್ರೇಕ್ ಹಾಕ್ಲಾಕ ಬರ್ತದೇನು?"

"ಬರಂಗಿಲ್ಲ."

"ಹಂಗಾದ್ರ?"

"ನಿಂತು ಇಬ್ರೂ ಕೈಯಾಗ ಹಿಡದು ಇಳಿಸಬಹುದಿತ್ತಲ್ರಿ."

"ಇಳಿಸಬಹುದಿತ್ತು. ಗಡಿಯಾರ ನೋಡ್ದೆ. ನನಗೂ ಆಸಿ ಇತ್ತಲ್ಲ, ಹುಡುಗಿ. ನಾ ಏನ್ ದೊಡ್ಡಾಕಿ ಅಲ್ಲ." ಆಮೇಲೆ ಕಣ್ಣು ಮುಚ್ಚಿ, "ನಿಮ್ಮವ್ವಗ ಹೇಳಬ್ಯಾಡ. ಬ್ಯಾಡಂದದ್ದು ತಾನೇ ಅಂತ ಮನಸು ಸುಟ್ಕೋತಾಳ" ಎಂದರು.

ಅವ್ವನಿಗೆ ಹೇಳಲಿಲ್ಲ. ಆದರೆ ಹತ್ತು ದಿನವಾದ ಮೇಲೆ ಔರಾದ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಟೀಚರ ಹಳ್ಳಿಗೆ ಹೋದೆ. ಅವರಿಗೆ ತಿಳಿಸದೆ ಹೋದೆ. ಕಟ್ಟೆಯ ಮೇಲೆ ಆ ತಂದೆಯರಿದ್ದರು. ಅವರೆದುರು ನಿಂತು, ಎಣ್ಣೆ ಹಚ್ಚಿದವಳು ನಾನು, ರಸ್ತೆಯದೂ ತಪ್ಪಲ್ಲ, ಟೀಚರ ವಯಸ್ಸಿನದೂ ತಪ್ಪಲ್ಲ ಎಂದು ಹೇಳಿದೆ. ಮಾತು ಮುಗಿದ ಮೇಲೆ ಒಬ್ಬ ಮುದುಕ, "ಕಲ್ತವರು ಕುಸುಬಿ ಎಣ್ಣಿ ಗಾಲಿಗಿ ಹಚ್ಚಿದ್ರ, ನಮ್ಮಂಥವರು ಏನ್ ಮಾಡಬೇಕ್ರಿ" ಎಂದ. ನಾಲ್ಕಾರು ಜನ ನಕ್ಕರು. ನಾನು ನಿಂತು ಕೇಳಿಸಿಕೊಂಡೆ.

ಆ ತಂದೆ ನನ್ನನ್ನು ಬಸ್ಸಿನವರೆಗೆ ಬಿಡಲು ಬಂದ. "ಟೀಚರ್ ಒಂದ್ ಮಾತೂ ಹೇಳಲಿಲ್ಲ. ನಾನೇ ಜೋರ್ ಬಿಟ್ಟೆ ಅಂದ್ರು" ಎಂದ. ಬಸ್ಸು ಬಂತು. "ನೀವು ಆಯ್ತವಾರ ಬಂದು ಹುಡುಗ್ಯಾರ ಸಂಗಟ ಇರ್ತೀರೇನ್ರಿ? ಇದ್ರ ನನ್ನ ಮಗಳಿಗಿ ಬಿಡ್ತೇನಿ. ನಮ್ಮ ಅಣ್ಣನ ಮಗಳಿಗೂ ಹೇಳಿ ನೋಡ್ತೇನಿ."

ಐವರಲ್ಲಿ ಅಭ್ಯಾಸಕ್ಕೆ ಬಂದವರು ಆ ಇಬ್ಬರು. ಉಳಿದ ಮೂವರ ಮನೆಯವರು ಕೊನೆಯವರೆಗೂ ಒಪ್ಪಲಿಲ್ಲ. ಅವರಲ್ಲಿ ಒಬ್ಬಳು ಎಲ್ಲರಿಗಿಂತ ವೇಗದವಳು ಎಂದು ಟೀಚರ್ ಹೇಳುತ್ತಿದ್ದರು. ಅವಳಿಗೆ ಹೋದ ವರ್ಷ ಮದುವೆಯಾಯಿತು. ನನ್ನ ಒಂದು ಬೊಗಸೆ ಎಣ್ಣೆ ಕಳೆದದ್ದರಲ್ಲಿ ಅವಳೂ ಸೇರಿದ್ದಾಳೆ.

ನಾನು ಹಳ್ಳಿಗೆ ಹೋಗಿ ಹೇಳಿದ್ದು ತಿಳಿದಾಗ ಟೀಚರ್ ಸಿಟ್ಟಾದರು. ಎರಡು ವಾರ ಫೋನ್ ಎತ್ತಲಿಲ್ಲ. ಮೂರನೆಯ ವಾರ ತಾವೇ ಮಾಡಿ, "ಆ ಸಣ್ಣಾಕಿ ಎಡಕ್ಕ ವಾಲ್ತಾಳ, ಸೀಟು ಜರಾ ಇಳಿಸು" ಎಂದಷ್ಟೇ ಹೇಳಿ ಇಟ್ಟರು. ಆ ಸಲದ ಆಯ್ಕೆಯಲ್ಲಿ ಇಬ್ಬರೂ ಉಳಿಯಲಿಲ್ಲ. ಮರುವರ್ಷ ಸಣ್ಣವಳು ತಂಡಕ್ಕೆ ಆಯ್ಕೆಯಾದಳು.

ನಿವೃತ್ತಿಯ ದಿನ ಟೀಚರ ಎಡಗೈ ಹಾರ ಹಿಡಿಯುವಷ್ಟೂ ಮೇಲೇಳುತ್ತಿರಲಿಲ್ಲ. ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಹೃದಯದ ತೊಂದರೆ. ಬಿದ್ದದ್ದಕ್ಕೂ ಇದಕ್ಕೂ ಏನಾದರೂ ಸಂಬಂಧವಿದೆಯೇ ಎಂದು ಡಾಕ್ಟರನ್ನು ಕೇಳಿದೆ. ಇಲ್ಲ ಎಂದರು. ಇನ್ನೊಂದು ಸಲ ಕೇಳಿದೆ. ಇಲ್ಲ ಎಂದೇ ಹೇಳಿದರು. ಚರ್ಚಿನ ಹಿತ್ತಲಿನ ಸ್ಮಶಾನದಲ್ಲಿ ಅವ್ವ ಒಂದು ಹಿಡಿ ಕೆಂಪು ಮಣ್ಣು ಹಾಕಿ, ನನ್ನ ತೋಳು ಹಿಡಿದು ನಿಂತಿದ್ದಳು. ಅವಳಿಗೆ ಇಂದಿಗೂ ಗೊತ್ತಿಲ್ಲ.

ಪಂದ್ಯಗಳಿಗೆ ನಾನು ಮತ್ತೆ ಹೋಗಿಲ್ಲ. ಆದಿತ್ಯವಾರ ಮುಂಜಾನೆಯ ಬಸ್ಸಿಗೆ ಔರಾದ ಮೇಲಿಂದ ಆ ಹಳ್ಳಿಗೆ ಹೋಗುತ್ತೇನೆ. ವಾರವಿಡೀ ಭಾಲ್ಕಿಗೆ ತಿರುಗಾಡಿ ದಣಿದಿರುತ್ತೇನೆ, ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗುತ್ತೇನೆ. ಹೊಸಬರು ಸೇರಿ ಹುಡುಗಿಯರು ಈಗ ನಾಲ್ವರು. ಹಳ್ಳದ ಕಡೆಗೆ ಒಂದು ಇಳುಕಲಿದೆ, ದೊಡ್ಡದೇನಲ್ಲ. ಸೈಕಲ್ ಮೇಲೆ ಅವರ ಜೊತೆ ಅದರ ನೆತ್ತಿಗೆ ಬಂದಾಗ ನನ್ನ ಕಾಲು ತಾನಾಗಿ ನೆಲಕ್ಕಿಳಿಯುತ್ತದೆ. ಮೊದಮೊದಲು ಅವರು ಕಾಯುತ್ತಿದ್ದರು, ನಾನು ಮತ್ತೆ ಹತ್ತಬಹುದೆಂದು. ಈಗ ಕಾಯುವುದಿಲ್ಲ. ನಾಲ್ವರ ಗಾಲಿಯ ರಿಮ್ಮುಗಳನ್ನೂ ನಾನು ಒಣ ಅರಿವೆಯಿಂದ ಒರೆಸಿ, ಬ್ರೇಕು ಹಿಡಿದು ನೋಡುವವರೆಗೆ ಮಾತ್ರ ನಿಲ್ಲುತ್ತಾರೆ.

"ನೀವ್ ನಡಕೋತ ಬರ್ರಿ ಮೇಡಂ" ಎನ್ನುತ್ತಾಳೆ ಸಣ್ಣವಳು. "ನಾವು ಕೆಳಗ ನಿಂತಿರ್ತೇವಿ."

ಅವರು ಒಬ್ಬರ ಹಿಂದೊಬ್ಬರು ಇಳಿದು ಹೋಗುತ್ತಾರೆ. ನಾನು ಸೈಕಲ್ ಕೈಯಲ್ಲಿ ಹಿಡಿದು ನಡೆಯುತ್ತೇನೆ.